ತೆರೆಯದೆ ಉಳಿದ ಉತ್ತರ

ನನ್ನ ಅಣ್ಣನಿಗೆ ದೇವರು ಎರಡು ಕಿವಿ ಕೊಟ್ಟ, ಆ ಎರಡರ ಮಧ್ಯೆ ಇರಬೇಕಾದ್ದನ್ನ ಕೊಡೋದು ಮರೆತ. ಇದನ್ನ ಅವನ ಮುಖಕ್ಕೇ ಹೇಳಿದೀನಿ, ಅತ್ತಿಗೆ ಎದುರಿಗೂ ಹೇಳಿದೀನಿ, ಅವರು ಕಾಳು ಆರಿಸ್ತಾ ಆರಿಸ್ತಾನೇ ಹೌದು ಅಂತ ತಲೆ ಆಡಿಸಿದಾರೆ. ಹಾಗಾಗಿ ಇಲ್ಲಿ ಹೇಳೋಕೆ ನನಗೇನೂ ಸಂಕೋಚ ಇಲ್ಲ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಕಟ್ಟಡದ ಬಾಗಿಲಲ್ಲಿ ನಿಂತು, ಲಿಫ್ಟ್ ಮೇಲೆ ಹೋಗೋ ಸದ್ದು ಕೇಳಿಯೇ ಯಾವ ಗಾಲಿಗೆ ಎಣ್ಣೆ ಬೇಕು ಅಂತ ಹೇಳ್ತಾನೆ. ನಾನು ಅವನ ಮನೆ ಕೆಳಗೇ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡಿದೀನಿ. ಒಂದೇ ಕಟ್ಟಡದಲ್ಲಿ ಇರಬೇಡಿ, ಜಗಳ ಆಡ್ತೀರಿ ಅಂತ ಅಮ್ಮ ಬಡ್ಕೊಂಡಿದ್ದಳು, ನಾವು ಕೇಳಲಿಲ್ಲ.

ಕೆಲವು ವರ್ಷದ ಹಿಂದೆ ಅವನಿಗೊಂದು ಹುಚ್ಚು ಹತ್ತಿತು. ಮನೆಯಲ್ಲಿ ಏನೋ ಸದ್ದು ಬರ್ತಿದೆ, ಏನು ಅಂತ ಗೊತ್ತಾಗ್ತಿಲ್ಲ ಅನ್ನೋರು ಅದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕೋದು, ಉಳಿದವರು ಕೇಳಿ ಏನಿರಬಹುದು ಅಂತ ಹೇಳೋದು. ‘ಅದೇನ್ ಸದ್ದು’ ಅಂತ ಒಂದು ವೆಬ್‌ಸೈಟು. ಕಟ್ಟಿದವಳು ನಾನು, ಮೆರೆದವನು ಅವನು. ಇದಕ್ಕೆ ಯಾರಪ್ಪ ಬರ್ತಾರೆ ಅಂತ ನಾನು ನಕ್ಕಿದ್ದೆ. ಬಂದರು ನೋಡಿ. ಗೋಡೆಯೊಳಗೆ ಯಾರೋ ಗೋಲಿ ಉರುಳಿಸ್ತಾರೆ ಅನ್ನೋರು ಬಂದರು, ನಮ್ಮ ಫ್ರಿಜ್ಜು ನಿಟ್ಟುಸಿರು ಬಿಡುತ್ತೆ ಅನ್ನೋರು ಬಂದರು. ಬಸ್ ಓಡಿಸೋರು, ಗಡಿಯಾರ ರಿಪೇರಿಯವರು, ಕಣ್ಣು ಕಾಣದ ಒಬ್ಬ ನಿವೃತ್ತ ಮೇಷ್ಟ್ರು, ಮಗು ಮಲಗಿದ ಮೇಲೆ ಮಾತ್ರ ಬರೋ ತಾಯಂದಿರು. ಒಬ್ಬರ ಮುಖ ಒಬ್ಬರು ನೋಡಿಲ್ಲ, ಎಲ್ಲರಿಗೂ ಒಂದೊಂದು ಅಡ್ಡಹೆಸರು. ಆದ್ರೆ ಒಂದು ನಲ್ಲಿ ಯಾಕೆ ಗೊರಗೊರ ಅನ್ನುತ್ತೆ ಅಂತ ವಾರಗಟ್ಟಲೆ ತಲೆ ಕೆಡಿಸ್ಕೊಳ್ಳೋರು.

ಅಲ್ಲಿ ಮೂರು ನಿಯಮ. ಮೂರು ಸಲ ಕೇಳದೆ ಉತ್ತರ ಬರೀಬಾರದು. ಏನೂ ಕೇಳಿಸದಿದ್ರೆ ಸುಮ್ಮನಿರಬೇಕು, ಕೇಳಿಸಲಿಲ್ಲ ಅಂತ ಬರೀಬಾರದು. ಇನ್ನು, ಬಂದ ಉತ್ತರ ಸದ್ದು ಹಾಕಿದವರಿಗೆ ಮಾತ್ರ ಕಾಣ್ಬೇಕು, ಅವರೇ ತೆರೆಯೋವರೆಗೆ ಮುಚ್ಚಿರಬೇಕು. ಇಲ್ಲದಿದ್ರೆ ಒಬ್ಬ ಪಂಪು ಅಂದ ತಕ್ಷಣ ಉಳಿದೋರೆಲ್ಲ ಕುರಿ ಮಂದೆ ಹಾಗೆ ಪಂಪು ಪಂಪು ಅಂತಾರೆ. ನಾವು ಸೈಟು ನಡೆಸೋರು ಕೂಡ ಇನ್ನೊಬ್ಬರ ಉತ್ತರ ತೆರೆದು ನೋಡಿದವರಲ್ಲ.

ಸೈಟು ಓಡ್ತಿದ್ದಿದ್ದು ಅಣ್ಣನ ಮನೆ ಸಾಮಾನು ಕೋಣೆಯಲ್ಲಿ, ನಾನು ಜೋಡಿಸಿಟ್ಟ ಒಂದು ಯಂತ್ರದಲ್ಲಿ. ಅದರ ಪಕ್ಕ ಇನ್ನೊಂದು ಡಿಸ್ಕ್ ಇಟ್ಟಿದ್ದೆ, ದಿನಾ ಎಲ್ಲದರ ನಕಲು ತನ್ನಷ್ಟಕ್ಕೆ ಅದಕ್ಕೆ ಹೋಗ್ಬೇಕು ಅಂತ. “ಇದನ್ನ ಮಾತ್ರ ಮುಟ್ಟಬೇಡ,” ಅಂತ ಅಣ್ಣನ ಕೈ ಹಿಡಿದು ಹೇಳಿದ್ದೆ.

ಈಗ ಆ ಮಹಾನುಭಾವ ಮಾಡಿದ್ದು ಕೇಳಿ.

ಒಂದು ದಿನ ಸಾಮಾನು ಕೋಣೆಯಿಂದ ಅವನಿಗೆ ಟಿಕ್ ಟಿಕ್ ಅಂತ ಏನೋ ಕೇಳಿಸಿತು. ಬೇರೆ ಯಾರಾದ್ರೂ ಆಗಿದ್ರೆ ಏನು ಮಾಡ್ತಿದ್ರು? ಅದೆಲ್ಲಿಂದ ಅಂತ ಹುಡುಕ್ತಿದ್ರು, ಇಲ್ಲ ಕೆಳಗೆ ಬಂದು ನನ್ನ ಕರೀತಿದ್ರು. ಇವನು ಕಣ್ಣು ಮುಚ್ಚಿ ನಿಂತು ಆನಂದಪಟ್ಟ. ಆಹಾ, ಎಂಥ ಒಗಟು! ಮೈಕು ತಂದ, ಕೋಣೆ ಬಾಗಿಲು ಹಾಕಿದ. ಪಕ್ಕದಲ್ಲಿದ್ದ ನಕಲು ಡಿಸ್ಕಿನ ಗುಂಯ್ ಸದ್ದು ರೆಕಾರ್ಡಿಂಗಿಗೆ ಅಡ್ಡ ಬರ್ತಿತ್ತಂತೆ. ಅದರ ತಂತಿ ಕಿತ್ತ. ಚೆನ್ನಾಗಿ ರೆಕಾರ್ಡ್ ಮಾಡ್ಕೊಂಡ. ತಂತಿ ವಾಪಸ್ ಚುಚ್ಚೋದು ಮರೆತ. ಆ ಸದ್ದನ್ನ ಸೈಟಿಗೆ ಹಾಕಿ, ‘ನನ್ನ ಮನೆಯದೇ ಒಂದು ಮೂಲೆ, ಹೇಳಿ ನೋಡೋಣ, ಉತ್ತರಗಳನ್ನ ಭಾನುವಾರ ತೆರೀತೀನಿ’ ಅಂತ ಬರೆದ. ಜನ ಮುಗಿಬಿದ್ದರು. ಅವನು ಎಷ್ಟು ಉತ್ತರ ಬಂತು ಅನ್ನೋ ಲೆಕ್ಕ ಮಾತ್ರ ನೋಡ್ತಾ ಮೀಸೆ ತಿರುವಿಕೊಂಡು ಓಡಾಡಿದ.

ಶನಿವಾರ ಬೆಳಿಗ್ಗೆ ಸೈಟು ಸತ್ತಿತು. ಅವನು ಮೆಟ್ಟಿಲಿಳಿದು ಬಂದ ರೀತಿಯಲ್ಲೇ ಏನೋ ಆಗಿದೆ ಅಂತ ಗೊತ್ತಾಯ್ತು. ಮೇಲೆ ಹೋಗಿ ಯಂತ್ರದ ಮೇಲೆ ಕೈ ಇಟ್ಟೆ. ಟಿಕ್. ಟಿಕ್. ಟಿಕ್. ಡಿಸ್ಕಿನೊಳಗಿನ ಓದೋ ಮುಳ್ಳು ತನ್ನ ಜಾಗ ಸಿಗದೆ ತಲೆ ಚಚ್ಚಿಕೊಳ್ತಿತ್ತು.

“ಅಯ್ಯೋ,” ಅಂದ ಅಣ್ಣ, “ಇದೇ ಸದ್ದು ಕಣೇ.”

ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದರ ಮುಂದೆ ಅದು ಯಾವ ಮೂಲೆ. ಊರವರ ನಲ್ಲಿ, ಫ್ಯಾನು, ಬಾಗಿಲೆಲ್ಲ ಕೇಳಿ ರೋಗ ಹೇಳೋ ಮನುಷ್ಯ, ತನ್ನ ಸೈಟೇ ಪ್ರಾಣ ಬಿಡೋ ಸದ್ದನ್ನ ಸೈಟಿಗೇ ಹಾಕಿ ಒಗಟು ಮಾಡಿದ್ದ. ನನಗೆ ಬಂದ ಸಿಟ್ಟಿನಲ್ಲಿ ಬಾಯಿಂದ ಮಾತೇ ಹೊರಡಲಿಲ್ಲ. ನಕಲು ಡಿಸ್ಕ್ ಕಡೆ ತಿರುಗಿದೆ, ಅದರ ತಂತಿ ನೆಲದ ಮೇಲೆ ಬಿದ್ದಿತ್ತು. ಆಗ ಹೊರಟಿತು ಮಾತು. ಏನೇನು ಅಂದೆ ಅಂತ ಬರೆಯೋ ಹಾಗಿಲ್ಲ. ಅತ್ತಿಗೆ ಬಂದು ಬಾಗಿಲು ಹಾಕ್ಕೊಂಡು ಹೋದರು.

ಇಷ್ಟಾದ್ರೂ ದೊಡ್ಡ ನಷ್ಟ ಆಗಿರಲಿಲ್ಲ. ತಂತಿ ಕೀಳೋ ದಿನದವರೆಗಿನದ್ದೆಲ್ಲ ನಕಲಿನಲ್ಲಿ ಕ್ಷೇಮವಾಗಿತ್ತು. ಹೊಸ ಡಿಸ್ಕ್ ಹಾಕಿದೆ, ನಕಲಿಂದ ಎಲ್ಲಾ ತುಂಬಿಸಿದೆ, ಸಂಜೆ ಹೊತ್ತಿಗೆ ಸೈಟು ಕಣ್ಣು ಬಿಟ್ಟಿತು. ಹೋಗಿದ್ದು ಕೊನೆಯ ಕೆಲವು ದಿನದ ಸದ್ದು, ಉತ್ತರ ಮಾತ್ರ. ಸದ್ದು ಎಲ್ಲರ ಫೋನಿನಲ್ಲೂ ಇರುತ್ತೆ, ಮತ್ತೆ ಹಾಕ್ತಾರೆ, ಮತ್ತೆ ಉತ್ತರ ಬರುತ್ತೆ. ಜನ ಸೈಟು ವಾಪಸ್ ಬಂತು ಅಂತ ಸಂತೋಷಪಟ್ಟು, ಅಣ್ಣನ ಕಾಲೆಳೆದು, ತಮ್ಮ ತಮ್ಮ ನಲ್ಲಿ ಫ್ಯಾನುಗಳಿಗೆ ಮರಳಿದರು. ನಾನೂ ಕೈ ತೊಳ್ಕೊಂಡೆ.

ಮಾರನೇ ದಿನ ಒಬ್ಬಳು ಹುಡುಗಿ ಅಂಗಡಿಗೆ ಬಂದಳು. ಸೈಟಿನಲ್ಲಿ ತೊಂದರೆ ಇದ್ರೆ ಅಂತ ನನ್ನ ಅಂಗಡಿ ವಿಳಾಸ ಇರುತ್ತೆ, ಅದನ್ನ ನೋಡ್ಕೊಂಡು ಬಂದಿದ್ದಳು. ಮೂವತ್ತು ದಾಟಿರಬಹುದು. ಹೆರಿಗೆ ವಾರ್ಡಿನ ನರ್ಸು, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಳು, ಕಣ್ಣು ಕೆಂಪಗಿತ್ತು. ಗಂಡ ಹೊರಗೆ ಸ್ಕೂಟರ್ ಮೇಲೆ ಕೂತಿದ್ದ. ಒಳಗೆ ಬರಪ್ಪ ಅಂದ್ರೆ ಪರವಾಗಿಲ್ಲ ಅಂತ ಕೈ ಆಡಿಸಿದ.

“ಅಕ್ಕಾ, ಹಳೇ ಡಿಸ್ಕಿನಲ್ಲಿ ಇದ್ದಿದ್ದು ಪೂರ್ತಿ ಹೋಯ್ತಾ?” ಅಂದಳು.

“ನಿಮ್ಮ ಸದ್ದು ಫೋನಿನಲ್ಲಿ ಇದೆ ತಾನೆ? ಮತ್ತೆ ಹಾಕಿ.”

“ಸದ್ದು ಇದೆ. ನನಗೆ ಬೇಕಾಗಿರೋದು ಉತ್ತರ. ಒಂದೇ ಒಂದು ಬಂದಿತ್ತು.”

ಕೂರಿಸಿ ಟೀ ತರಿಸಿದೆ. ಅವಳು ಹೇಳಿದ್ದು ಇಷ್ಟು. ಕೆಲವು ತಿಂಗಳಿಂದ ಅವಳ ಮಲಗೋ ಕೋಣೆಯಲ್ಲಿ ಎದೆ ಬಡಿದ ಹಾಗೆ ಒಂದು ಸದ್ದು. ದಿನಾ ಅಲ್ಲ, ಕೆಲವು ದಿನ. ತುಂಬ ಸಣ್ಣದು, ಆದ್ರೆ ಅವಳಿಗೆ ಕೇಳುತ್ತೆ. ಗಂಡನನ್ನ ಎಬ್ಬಿಸಿದ್ರೆ ಏನೂ ಇಲ್ಲ, ಮಲ್ಕೋ ಅಂದ. ಪಕ್ಕದ ಮನೆಯವರನ್ನ ಕರೆಸಿ ಕೇಳಿಸಿದ್ರೆ ಅವರೂ ಇಲ್ಲ ಅಂದರು. ಕಿವಿ ಡಾಕ್ಟರು ಕಿವಿ ಚೆನ್ನಾಗಿದೆ, ನಿದ್ದೆ ಮಾಡಿ ಅಂದರು. ಕಿವಿ ಚೆನ್ನಾಗಿದ್ರೆ ಕೆಟ್ಟಿರೋದು ಏನು ಹಾಗಾದ್ರೆ? ರೆಕಾರ್ಡ್ ಮಾಡಿ ನಮ್ಮ ಸೈಟಿಗೆ ಹಾಕಿದಳು. ದಿನಗಟ್ಟಲೆ ಯಾರೂ ಏನೂ ಬರೀಲಿಲ್ಲ. ಕೇಳಿಸದೋರು ಸುಮ್ಮನಿರಬೇಕು ಅನ್ನೋದೇ ನಿಯಮ, ಅಂದ್ರೆ ಯಾರಿಗೂ ಕೇಳಿಸಿಲ್ಲ. ಆಮೇಲೆ ಶನಿವಾರ ಬೆಳಿಗ್ಗೆ ನೋಡಿದ್ರೆ ಫೋನಿಗೆ ರಾತ್ರಿಯೇ ಬಂದ ಸಂದೇಶ, ‘ನಿಮ್ಮ ಸದ್ದಿಗೆ ಒಂದು ಉತ್ತರ ಬಂದಿದೆ’. ವಾರ್ಡಿನಲ್ಲಿ ಕೈಗವಸು ಬಿಚ್ಚಿ ಒತ್ತಿ ನೋಡಿದ್ರೆ ಸೈಟೇ ಇಲ್ಲ.

“ಉತ್ತರ ಸರಿ ಇರಬೇಕು ಅಂತೇನಿಲ್ಲ ಅಕ್ಕಾ,” ಅಂದಳು. “ಇಲಿ ಅನ್ಲಿ, ಹಲ್ಲಿ ಅನ್ಲಿ. ಏನೋ ಒಂದು ಕೇಳಿಸಿದೆ ಅವರಿಗೆ. ನನ್ನ ಬಿಟ್ಟು ಇನ್ನೊಬ್ಬರಿಗೆ ಕೇಳಿಸಿದೆ. ಅಷ್ಟು ಸಾಕು.”

“ಅದಕ್ಕೆ ಇಷ್ಟು ಯೋಚನೆ ಯಾಕಮ್ಮ?”

ಟೀ ಲೋಟ ಕೆಳಗಿಟ್ಟಳು. “ನನ್ನ ಕೆಲಸ ಏನು ಗೊತ್ತಾ? ಬಸುರಿ ಹೊಟ್ಟೆ ಮೇಲೆ ಕೊಳವೆ ಇಟ್ಟು ಮಗು ಎದೆ ಬಡಿತ ಕೇಳೋದು. ಯಂತ್ರ ಇದೆ, ಆದ್ರೆ ಯಂತ್ರ ತರೋಕೆ ಮುಂಚೆ ಕೇಳೋದು ನನ್ನ ಕಿವಿ. ಇಲ್ಲದ ಬಡಿತ ಕೇಳೋಳು ಆ ಕೆಲಸ ಮಾಡಬಹುದಾ? ದಾಖಲೆ ವಿಭಾಗಕ್ಕೆ ಹಾಕಿ ಅಂತ ಅರ್ಜಿ ಬರೆದಿಟ್ಟಿದೀನಿ. ನಾಳೆ ಅಲ್ಲ, ಮುಂದಿನ ಸೋಮವಾರ ಕೊಡ್ತೀನಿ. ಅಷ್ಟರೊಳಗೆ ಆ ಉತ್ತರ ಸಿಕ್ಕರೆ ಕೊಡಲ್ಲ.”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಸೈಟಿನಲ್ಲಿ ಎಲ್ಲರೂ ಒಗಟು ಬಿಡಿಸ್ತಾ ಕಾಲ ಕಳೀತಿದ್ರೆ, ಇವಳು ತನ್ನ ಬದುಕನ್ನೇ ತಂದು ಅಲ್ಲಿಟ್ಟಿದ್ದಳು. ಅವಳ ರೆಕಾರ್ಡಿಂಗ್ ಕೇಳಿದೆ. ನನಗೆ ಸೊಂಯ್ ಅನ್ನೋದು ಬಿಟ್ರೆ ಏನೂ ಇಲ್ಲ. ಅಣ್ಣನನ್ನ ಕೂಗಿದೆ. ಅವನು ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಮತ್ತೆ ಮತ್ತೆ ಕೇಳಿದ, ಮುಖ ಸಣ್ಣಗಾಯ್ತು. “ಇದೆ ಅನ್ಸುತ್ತೆ. ಇಲ್ಲ ಅಂತಲೂ ಅನ್ಸುತ್ತೆ. ಸುಳ್ಳು ಹೇಳಲ್ಲಮ್ಮ,” ಅಂದ. ಅವತ್ತು ಮಧ್ಯಾಹ್ನ ಅವಳ ಮನೆಗೇ ಹೋಗಿ, ಆ ಕೋಣೆ ಗೋಡೆಗೆ ಕಿವಿ ಹಚ್ಚಿ ಕೂತು ಬಂದ. ಎಲೆ ಅಲುಗಾಡದ ಬಿಸಿಲು, ಗೋಡೆ ತುಟಿ ಬಿಚ್ಚಲಿಲ್ಲವಂತೆ. ಇವತ್ತು ಬರ್ತಿಲ್ಲ ಅಂತ ಅವಳೇ ಹೇಳಿದಳಂತೆ.

ಅದಕ್ಕೂ ಮುಂಚೆ, ಅಂಗಡಿಯಿಂದ ಹೊರಡುವಾಗ ಗಂಡ ಮೊದಲ ಸಲ ಬಾಯಿ ಬಿಟ್ಟಿದ್ದ. “ಆ ಡಿಸ್ಕಿಂದ ವಾಪಸ್ ಬರೋ ಸಾಧ್ಯತೆ ಇದೆಯಾ ಮೇಡಂ?” ಅಂತ ಮೆಲ್ಲಗೆ ಕೇಳಿದ. ಹೆಂಡತಿ ಮೇಲೆ ಎಷ್ಟು ಕಾಳಜಿ ಅಂದ್ಕೊಂಡೆ. ಕಷ್ಟ, ಆದ್ರೆ ನೋಡ್ತೀನಿ ಅಂದೆ.

ಮೊದಲು ಸುಲಭದ ದಾರಿ ಹಿಡಿದೆ. ಉತ್ತರ ಬರೆದ ಮನುಷ್ಯ ಎಲ್ಲೋ ಬದುಕಿದಾನಲ್ಲ, ಕೇಳಿದ್ರೆ ಮತ್ತೆ ಬರೀತಾನೆ. ಅವಳ ಸದ್ದನ್ನ ಮತ್ತೆ ಹಾಕಿಸಿ, ಸೈಟಿನ ತಲೆಯ ಮೇಲೆ ಒಂದು ಪ್ರಕಟಣೆ ಹಾಕಿದೆ. ನನ್ನ ಬಾಯಿ ಸುಮ್ಮನಿರುತ್ತಾ? ಇಂಥ ಒಬ್ಬ ನರ್ಸು, ಹೀಗೆ ಕಷ್ಟದಲ್ಲಿದ್ದಾಳೆ, ಕೆಲಸವೇ ಬಿಡೋ ಹಾಗಾಗಿದೆ, ಅವಳ ಸದ್ದು ಕೇಳಿಸಿದ್ದವರು ದಯವಿಟ್ಟು ಮುಂದೆ ಬನ್ನಿ ಅಂತ ಕಥೆಯನ್ನೆಲ್ಲ ಬರೆದೆ. ಬರೆದು ಮುಗಿಸಿ ಸೆರಗಿನಲ್ಲಿ ಕಣ್ಣೊರೆಸ್ಕೊಂಡೆ ಬೇರೆ.

ಉತ್ತರಗಳು ಬಂದವು ನೋಡಿ, ರಾಶಿ ರಾಶಿ. ನನಗೂ ಕೇಳಿಸ್ತು ತಂಗಿ, ನೀರಿನ ಪೈಪು. ಸ್ಪಷ್ಟವಾಗಿ ಕೇಳಿಸ್ತು, ಮೇಲಿನ ಮನೆ ಹೊಲಿಗೆ ಮಷಿನ್ನು. ಧೈರ್ಯವಾಗಿರಮ್ಮ, ನನಗೂ ಕೇಳುತ್ತೆ. ನಾನು ಕುಣಿದಾಡ್ತಾ ಅವಳಿಗೆ ಫೋನ್ ಮಾಡಿದೆ. ಅವಳು ಒಂದೊಂದನ್ನೇ ತೆರೆದು ಓದಿದಳಂತೆ. ಸಂಜೆ ಮತ್ತೆ ಫೋನ್ ಬಂತು.

“ಎಲ್ಲರೂ ಒಳ್ಳೇ ಜನ ಅಕ್ಕಾ,” ಅಂದಳು. “ನಾನು ದಿನಾ ಮಾಡೋದು ಅದನ್ನೇ. ನೋವು ತಿನ್ನೋಳ ಕೈ ಹಿಡಿದು, ಆಯ್ತು, ಇನ್ನೇನು ಮುಗೀತು ಅಂತೀನಿ. ಮುಗಿದಿರಲ್ಲ. ಇವರೂ ನನ್ನ ಕೈ ಹಿಡ್ಕೊಂಡಿದಾರೆ. ಇದರಲ್ಲಿ ಒಬ್ಬರಿಗೂ ಕೇಳಿಸಿಲ್ಲ.”

ಫೋನ್ ಇಟ್ಟು ತಲೆ ಚಚ್ಚಿಕೊಂಡೆ. ಅಣ್ಣನಿಗೆ ಬುದ್ಧಿ ಇಲ್ಲ ಅಂತ ಊರಿಗೆಲ್ಲ ಸಾರಿದವಳು ನಾನು, ನನಗೆಷ್ಟಿತ್ತು? ಪಾಪ ಅನ್ನೋ ಮಾತು ಒಂದು ಸಲ ಕಿವಿಗೆ ಬಿದ್ದ ಮೇಲೆ ಯಾರ ಸಾಕ್ಷಿಯೂ ಸಾಕ್ಷಿಯಲ್ಲ. ಇನ್ನು ನಂಬೋದಿದ್ರೆ ಒಂದನ್ನೇ, ಇವಳ ಕಷ್ಟ ಯಾರಿಗೂ ಗೊತ್ತಾಗೋ ಮುಂಚೆ ಬಂದ ಆ ಒಂದು ಉತ್ತರವನ್ನ. ಅದು ಇದ್ದಿದ್ದು ಟಿಕ್ ಟಿಕ್ ಅಂತ ತಲೆ ಚಚ್ಚಿಕೊಳ್ಳೋ ಡಿಸ್ಕಿನಲ್ಲಿ.

ಆ ವಾರ ಬೇರೆ ಕೆಲಸ ಎಲ್ಲ ಪಕ್ಕಕ್ಕಿಟ್ಟೆ. ಸಾಯೋ ಡಿಸ್ಕಿನ ಹತ್ತಿರ ಜೋರು ಮಾಡೋ ಹಾಗಿಲ್ಲ, ಅದೇ ನನಗೆ ದೊಡ್ಡ ಶಿಕ್ಷೆ. ಬಿಸಿಯಾದ್ರೆ ಮುಷ್ಕರ ಹೂಡುತ್ತೆ, ತಣ್ಣಗಿದ್ದಾಗ ಒಂದೊಂದು ಸಲ ಕಣ್ಣು ಬಿಡುತ್ತೆ. ಬಿಟ್ಟಾಗ ಸಿಕ್ಕಷ್ಟು ಗೋರಿಕೊಳ್ಳೋದು, ಟಿಕ್ ಅಂದ ತಕ್ಷಣ ಕರೆಂಟು ತೆಗೆದು ಬಿಡೋದು, ಮತ್ತೆ ಕಾಯೋದು. ಓದೋಕಾಗದ ಜಾಗ ಸಿಕ್ಕರೆ ಹಟ ಮಾಡದೆ ಬಿಟ್ಟು ಮುಂದಕ್ಕೆ ಹೋಗೋ ಒಂದು ಪ್ರೋಗ್ರಾಮ್ ಇದೆ, ಅದನ್ನ ಹಚ್ಚಿದ್ದೆ. ಹಟ ಮಾಡದೆ ಮುಂದಕ್ಕೆ ಹೋಗೋದು ಆ ಪ್ರೋಗ್ರಾಮಿಗೆ ಬರುತ್ತೆ, ನಮ್ಮ ಮನೆತನಕ್ಕೆ ಬರಲ್ಲ.

ಅಣ್ಣ ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು ಕೂತ. ಬೈದು ಬೈದು ನನಗೂ ಸಾಕಾಗಿತ್ತು. ಆದ್ರೆ ಒಂದು ಉಪಕಾರ ಆಯ್ತು ಅವನಿಂದ. ಡಿಸ್ಕ್ ಟಿಕ್ ಅನ್ನೋಕೆ ಒಂದು ಉಸಿರು ಮುಂಚೆ ಅದರ ಸುತ್ತೋ ಸದ್ದು ಸ್ವಲ್ಪ ಏರುತ್ತಂತೆ. ಅವನು ಕೈ ಎತ್ತಿದ ತಕ್ಷಣ ನಾನು ಕರೆಂಟು ತೆಗೀತಿದ್ದೆ. ಅದರಿಂದ ಡಿಸ್ಕಿಗೆ ಪೆಟ್ಟು ಕಡಿಮೆಯಾಗಿ, ಪ್ರತಿ ಸಲ ಇನ್ನಷ್ಟು ಬರೋಕೆ ಶುರುವಾಯ್ತು. ಅತ್ತಿಗೆ ಊಟ ಅಲ್ಲಿಗೇ ತಂದುಕೊಟ್ಟು, ಅಣ್ಣ ತಂಗಿ ಜಗಳ ಆಡದೆ ಇಷ್ಟು ಹೊತ್ತು ಕೂತಿರೋದನ್ನ ಫೋಟೋ ತೆಗೆದಿಟ್ಟುಕೊಂಡರು.

ಸೈಟಿಗೆ ಬಂದ ಬರಹವನ್ನೆಲ್ಲ ಬಂದ ಕ್ರಮದಲ್ಲೇ ಒಂದರ ಹಿಂದೊಂದು ಇಟ್ಟುಕೊಳ್ಳೋ ಫೈಲು ಒಂದಿದೆ. ಅದರ ಬಾಲ ಸಿಕ್ಕಿದ್ದು ಶುಕ್ರವಾರ. ಕಸದ ಮಧ್ಯೆ ಅಲ್ಲೊಂದು ಇಲ್ಲೊಂದು ಸಾಲು. ಮೊದಲು ಬಂದಿದ್ದೆಲ್ಲ ಅಣ್ಣನ ಒಗಟಿನ ಉತ್ತರಗಳು. ಅವು ಅವನದೇ, ತೆರೀಬಹುದು. ಹಲ್ಲಿ. ಗಡಿಯಾರ. ಪಕ್ಕದ ಮನೆಯವರು ಉಗುರು ಕತ್ತರಿಸ್ತಿದಾರೆ. ಇನ್ನೊಂದರಲ್ಲಿ ಕಣ್ಣು ಕಾಣದ ಮೇಷ್ಟ್ರು ಬರೆದಿದ್ದರು, ‘ಮಾರಾಯಾ, ಇದು ಹಾರ್ಡ್ ಡಿಸ್ಕು, ಒಗಟು ಆಡ್ತಾ ಕೂರಬೇಡ, ಈಗಲೇ ನಕಲು ತಗೋ’. ಬಂದಿದ್ದು ಮೊದಲನೇ ದಿನವೇ. ಡಿಸ್ಕನ್ನ ಉಳಿಸೋ ಮಾತು ಡಿಸ್ಕಿನೊಳಗೇ ಮುಚ್ಚಿಕೊಂಡು ಭಾನುವಾರಕ್ಕೆ ಕಾಯ್ತಾ ಇತ್ತು. ಅಣ್ಣ ಅದನ್ನ ಓದಿ ಮುಖ ಕೈಯಲ್ಲಿ ಮುಚ್ಚಿಕೊಂಡ. ನಾನು ನಕ್ಕೆ, ನಗದೆ ಏನು ಮಾಡ್ಲಿ.

ಅದರ ಕೆಳಗೆ ನರ್ಸಿನ ಸದ್ದಿನ ಗುರುತು ಕಾಣಿಸಿತು. ಅದರ ಮುಂದೆ ಕನ್ನಡದ ಸಾಲುಗಳು. ನಾನು ಪರದೆ ಮೇಲೆ ಅಂಗೈ ಅಡ್ಡ ಇಟ್ಟೆ.

“ಓದೇ,” ಅಂದ ಅಣ್ಣ, ಸ್ಟೂಲಿಂದ ಅರ್ಧ ಎದ್ದು.

“ನಮ್ಮದಲ್ಲ ಅದು. ನಿಯಮ ನೀನೇ ಮಾಡಿದ್ದು.”

ಪರದೆ ಆರಿಸಿ ಅವಳಿಗೆ ಫೋನ್ ಮಾಡಿದೆ. ಅರ್ಧ ಗಂಟೆಗೆ ಸ್ಕೂಟರ್ ಬಂತು. ಗಂಡ ಯಥಾಪ್ರಕಾರ ಹೊರಗೇ ನಿಂತ. ಅವಳನ್ನ ನನ್ನ ಕುರ್ಚಿಯಲ್ಲಿ ಕೂರಿಸಿ, ಪರದೆ ಹಚ್ಚಿ, ಅಣ್ಣನನ್ನ ತೋಳು ಹಿಡಿದು ಎಳ್ಕೊಂಡು ಅಂಗಡಿಯ ಇನ್ನೊಂದು ಮೂಲೆಗೆ ಹೋದೆ. ನಾವಿಬ್ಬರೂ ಹಳೇ ಕೀಬೋರ್ಡುಗಳನ್ನ ಯಾವತ್ತೂ ಅಷ್ಟು ಗಮನ ಕೊಟ್ಟು ನೋಡಿರಲಿಲ್ಲ.

ಓದಿ ಮುಗಿಸಿ ಅವಳು ಪರದೆಯನ್ನ ನಮ್ಮ ಕಡೆ ತಿರುಗಿಸಿದಳು.

‘ನನಗೂ ಕೇಳುತ್ತೆ. ಐದು ಸಲ ಬಡಿಯುತ್ತೆ, ಆರನೇದು ಬರಲ್ಲ, ಮತ್ತೆ ಐದು. ನೀನು ರಾತ್ರಿ ಪಾಳಿಗೆ ಹೋದಾಗಲೂ ಬರುತ್ತೆ, ಗಾಳಿ ಇದ್ದ ದಿನ ಜಾಸ್ತಿ. ಮೊದಲನೇ ದಿನ ನಿದ್ದೆಗಣ್ಣಲ್ಲಿ ಏನೂ ಇಲ್ಲ ಅಂದುಬಿಟ್ಟೆ. ಮಾರನೇ ದಿನ ನಿಜವಾಗಿ ಕೇಳಿಸಿತು, ಅಷ್ಟರಲ್ಲಿ ನೀನು ಅಳ್ತಾ ಇದ್ದೆ, ಹೌದು ಅನ್ನೋಕೆ ಮುಖ ಇರಲಿಲ್ಲ. ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು. ಎದುರಿಗೆ ಆಗ್ತಿಲ್ಲ, ಅದಕ್ಕೇ ಇಲ್ಲಿ’

ಅಲ್ಲಿಂದ ಮುಂದೆ ಕಸ.

“ಐದು ಬಡಿದು ಒಂದು ಬಿಡೋದನ್ನ ನಾನು ಎಲ್ಲೂ ಬರೆದಿರಲಿಲ್ಲ,” ಅಂದಳು ಅವಳು. ದನಿ ಎಷ್ಟು ಸಾಮಾನ್ಯವಾಗಿತ್ತು ಅಂದ್ರೆ ನನಗೆ ಹೆದರಿಕೆ ಆಯ್ತು. ಎದ್ದು ಬಾಗಿಲಿಗೆ ಹೋಗಿ, “ಬಾ ಒಳಗೆ,” ಅಂತ ಕರೆದಳು.

ಅವನು ಬಂದ. ಪರದೆ ನೋಡಿದ. ಡಿಸ್ಕ್ ಸತ್ತಿದೆ, ಉತ್ತರ ಇನ್ನು ಸಿಗಲ್ಲ ಅಂತ ಒಂದು ವಾರ ನಿರಾಳವಾಗಿದ್ದ ಮನುಷ್ಯ, ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಅಣ್ಣ ಮೆಲ್ಲಗೆ ಅದನ್ನ ತೆಗೆದು ಡ್ರಾಯರಿಗೆ ಹಾಕಿದ.

“ಕೇಳುತ್ತಾ?” ಅಂದಳು.

“ಕೇಳುತ್ತೆ.”

“ನನ್ನ ಮುಖ ನೋಡಿ ಹೇಳು.”

“ಕೇಳುತ್ತೆ. ಎರಡನೇ ದಿನದಿಂದಲೂ ಕೇಳುತ್ತೆ. ನಾನು ಬರೆದು ಕಳಿಸಿದ ಮಾರನೇ ದಿನ ನೀನು, ಸೈಟು ಹೋಯ್ತು ಅಂದೆಯಲ್ಲ, ಆಗ… ಸದ್ಯ ಅನ್ನಿಸ್ತು. ಹಾಗನ್ನಿಸಿದ್ದಕ್ಕೇ ಮತ್ತೆ ಬರೆಯೋಕೆ ಆಗಲಿಲ್ಲ.”

“ಹೋದ ತಿಂಗಳು ಒಬ್ಬಳು ಬಂದಿದ್ದಳು,” ಅಂದಳು ಅವಳು. “ಹೊಟ್ಟೆ ಮೇಲೆ ಕೊಳವೆ ಇಟ್ಟೆ, ಬಡಿತ ಕೇಳಿಸ್ತು. ನನಗೆ ನನ್ನ ಮೇಲೇ ನಂಬಿಕೆ ಬರಲಿಲ್ಲ, ಯಂತ್ರ ತನ್ನಿ ಅಂತ ಓಡಿದೆ. ಅದು ಬರೋವರೆಗೂ ಅವಳು ನನ್ನ ಮುಖ ನೋಡ್ತಾ ಮಲಗಿದ್ದಳು, ಮಗು ಇದೆಯಾ ಇಲ್ವಾ ಅಂತ. ಇತ್ತು. ನಾನು ಹೇಳೋಕಾಗ್ತಿತ್ತು, ಹೇಳಲಿಲ್ಲ. ಅದು ನಿನ್ನಿಂದ.”

ಅವಳು ನಮ್ಮೆದುರೇ ವಾರ್ಡಿಗೆ ಫೋನ್ ಮಾಡಿ, “ಸೋಮವಾರ ನನ್ನ ಪಾಳಿ ಹಾಗೇ ಇರಲಿ, ಬದಲಿ ಹಾಕಬೇಡಿ,” ಅಂದಳು. ಅವನ ಕೈಯಿಂದ ಸ್ಕೂಟರ್ ಕೀ ತಗೊಂಡಳು. “ನೀನು ಬಸ್ಸಲ್ಲಿ ಬಾ,” ಅಂದು ಹೆಲ್ಮೆಟ್ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಇನ್ನೆರಡು ಮಾತು ಅಂದು ಹೋಗು ತಾಯಿ ಅಂತ ಮನಸ್ಸಿನಲ್ಲೇ ಅಂದೆ.

ನನ್ನ ಅಣ್ಣನಿಗೆ ಸಮಯ ಸಂದರ್ಭ ಅನ್ನೋದು ಗೊತ್ತೇ ಇಲ್ಲ. ಅವನ ಕಣ್ಣು ಆಗಲೇ ಬೇರೆ ಎಲ್ಲೋ ಇತ್ತು. “ಗಾಳಿ ಇದ್ದಾಗ ಜಾಸ್ತಿ ಅಂದಿರಲ್ಲ,” ಅಂತ ಆ ಗಂಡನನ್ನ ಕೇಳಿದ, “ಎಷ್ಟು ಬೇಗ ಬಡಿಯುತ್ತೆ? ಸ್ವಲ್ಪ ತೋರಿಸಿ.”

ಗಂಡ ಬೆಪ್ಪಾಗಿ ಅವನನ್ನ ನೋಡಿದ. ಆಮೇಲೆ ಮೇಜಿನ ಮೇಲೆ ಬೆರಳ ತುದಿಯಿಂದ ಬಡಿದ. ಐದು, ಒಂದು ಖಾಲಿ, ಐದು.

ಬಾಗಿಲಲ್ಲಿ ಅವಳು ನಿಂತಳು. ಬೆನ್ನು ನಮ್ಮ ಕಡೆ ಇತ್ತು. ಇಷ್ಟು ದಿನ ಅವಳ ತಲೆಯೊಳಗೆ ಮಾತ್ರ ಇದೆ ಅಂತ ಎಲ್ಲರೂ ಹೇಳಿದ್ದ ಸದ್ದು, ಹಗಲು ಹೊತ್ತಿನಲ್ಲಿ, ಒಂದು ಅಂಗಡಿ ಮೇಜಿನ ಮೇಲೆ ಬಡೀತಾ ಇತ್ತು.

“ಅಷ್ಟು ಬೇಗ ಅಲ್ಲ,” ಅಂದಳು, ತಿರುಗದೆ.

ಅವನು ನಿಧಾನ ಮಾಡಿದ.

“ಇನ್ನೂ ಮೆತ್ತಗೆ.”

ಅವನು ಮೆತ್ತಗೆ ಮಾಡಿದ. ಅಣ್ಣ ಕಣ್ಣು ಮುಚ್ಚಿ ತಲೆ ಆಡಿಸಿದ. “ಸುತ್ತೋ ಸಾಮಾನು. ಆರು ರೆಕ್ಕೆ, ಒಂದು ಮುರಿದಿದೆ. ನಿಮ್ಮ ಗೋಡೆಗೆ ಅಂಟಿಕೊಂಡಿರೋ ಚಾವಣಿ ಮೇಲೆ ಗಾಳಿಗೆ ತಿರುಗೋದು ಏನಾದ್ರೂ ಇದೆಯಾ?”

“ಹಿಂದಿನ ಗೋದಾಮಿನ ಮೇಲೆ, ಒಳಗಿನ ಬಿಸಿ ಗಾಳಿ ಹೊರಗೆ ಹಾಕೋ ಒಂದು ತಗಡಿನ ಗೂಡು ತಿರುಗುತ್ತೆ,” ಅಂದ ಗಂಡ. ಹೇಳ್ತಾ ಅವನ ಬೆರಳು ನಿಂತಿತು.

ಅವಳು ವಾಪಸ್ ಬಂದು ಕೀಯನ್ನ ಮೇಜಿನ ಮೇಲಿಟ್ಟು, ಅಣ್ಣನ ಸ್ಟೂಲಿನ ಮೇಲೆ ಕೂತಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಕಣ್ಣಿಂದ ನೀರು ಇಳೀತಿತ್ತು. ನನಗೂ ಬಂತು, ಸುಳ್ಳು ಯಾಕೆ ಹೇಳ್ಲಿ.

“ನಿಲ್ಲಿಸಬೇಡ,” ಅಂದಳು ಅವನಿಗೆ. “ಬಡೀತಾ ಇರು.”